ಹಳೆಯ ವಾಲ್ಕೈರಿಗೆ ಬಳ್ಳಾರಿಯ ಕೆಂಧೂಳು: ಒಂದು ಮಾದರಿ ವಿಮಾನವನ್ನು ಕಟ್ಟುವ ಬಗೆ

ಎಂದೂ ಹಾರದ ವಿಮಾನದ ಮಾದರಿಯನ್ನು ಕಟ್ಟುವವರಿಗೆ ಒಂದು ಸ್ವಾತಂತ್ರ್ಯವಿದೆ, ಅದರ ಬೆನ್ನಿಗೇ ಒಂದು ತೊಡಕೂ ಇದೆ. ನಿಜವಾದ ವಿಮಾನವಾದರೆ ಫೋಟೋಗಳನ್ನು ಮುಂದಿಟ್ಟುಕೊಂಡು ಬಣ್ಣ ಹೊಂದಿಸಬಹುದು. ಕಲ್ಪಿತ ವಿಮಾನಕ್ಕೆ ಅಂಥ ಸಾಕ್ಷಿ ಇಲ್ಲವಾದ್ದರಿಂದ ಅದು ಯಾವ ನೆಲದ ಮೇಲೆ ನಿಂತಿತ್ತು, ಎಂಥ ಬಿಸಿಲಿನಲ್ಲಿ ಬಣ್ಣಗೆಟ್ಟಿತು, ಮೆಕ್ಯಾನಿಕ್ ಎಲ್ಲಿ ಕಾಲಿಟ್ಟು ಮೇಲೆ ಹತ್ತುತ್ತಿದ್ದ ಎಂಬುದನ್ನೆಲ್ಲ ಕಟ್ಟುವವರೇ ತೀರ್ಮಾನಿಸಬೇಕು. ನನ್ನ ವಿಮಾನ ಬಳ್ಳಾರಿಯದು ಎಂದು ಪೆಟ್ಟಿಗೆ ತೆರೆಯುವ ಮೊದಲೇ ನಾನು ನಿರ್ಧರಿಸಿದ್ದೆ. ಕೆಳಗೆ ಬರುವ ಬಣ್ಣ, ಗುರುತು, ಕೊಳೆ ಎಲ್ಲವೂ ಆ ಒಂದು ನಿರ್ಧಾರದಿಂದಲೇ ಹೊರಟವು.

ನಾನು ಆಯ್ದುಕೊಂಡದ್ದು ವಿಎಫ್-1 ವಾಲ್ಕೈರಿ. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಆರಂಭವಾದ ‘ಮ್ಯಾಕ್ರಾಸ್’ ಎಂಬ ಅನಿಮೇಷನ್ ಸರಣಿಗಾಗಿ ಶೋಜಿ ಕವಾಮೊರಿ ಅವರು ರೂಪಿಸಿದ ಯುದ್ಧವಿಮಾನ ಇದು; ಮನುಷ್ಯಾಕಾರದ ಯಂತ್ರವಾಗಿಯೂ ರೂಪ ಬದಲಿಸುತ್ತದೆ. ಇದರ ಮೈಕಟ್ಟಿಗೆ ಅಮೆರಿಕದ ನೌಕಾಪಡೆಯ ಎಫ್-14 ಟಾಮ್‌ಕ್ಯಾಟ್ ಆಧಾರ. ಹಿಂದಕ್ಕೆ ಮಡಚುವ ರೆಕ್ಕೆ, ದೂರ ದೂರ ಇರುವ ಎರಡು ಎಂಜಿನ್, ಜೋಡಿ ಬಾಲರೆಕ್ಕೆ ಎಲ್ಲವೂ ಅಲ್ಲಿಂದಲೇ ಬಂದವು. ಆದ್ದರಿಂದ ಎಲ್ಲಿ ಅನುಮಾನ ಬಂದರೂ ಎಫ್-14ರ ಫೋಟೋ ನೋಡುವುದು ಒಳ್ಳೆಯ ಅಭ್ಯಾಸ. ಎಂಬತ್ತರ ದಶಕದಲ್ಲಿ ಇಮಾಯಿ ಮತ್ತು ಅರಿಯಿ ಎಂಬ ಜಪಾನಿ ಕಂಪನಿಗಳು ಇದರ ಕಿಟ್‌ಗಳನ್ನು, ಅಂದರೆ ಬಿಡಿಭಾಗ ಜೋಡಿಸಿ ಕಟ್ಟುವ ಪೆಟ್ಟಿಗೆಗಳನ್ನು, 1/100 ಅಳತೆಯಲ್ಲಿ ತಂದವು. ಮುಂದೆ ಬಂಡಾಯಿ ಕಂಪನಿ ಅವೇ ಅಚ್ಚುಗಳಿಂದ ಮತ್ತೆ ಕಿಟ್ ಹೊರತಂದಿತು. ಹಳೆಯ ಪೆಟ್ಟಿಗೆಯ ಚಿತ್ರದ ಮೋಹ ಇಲ್ಲದವರು ಬಂಡಾಯಿಯ ಮರುಬಿಡುಗಡೆಯನ್ನೇ ಕೊಳ್ಳುವುದು ಲೇಸು, ಏಕೆಂದರೆ ಪ್ಲಾಸ್ಟಿಕ್ ಅದೇ ಆದರೂ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಹಾಳೆ ಅಷ್ಟು ಹಳೆಯದಾಗಿರುವುದಿಲ್ಲ. ಕಥೆಯ ಪ್ರಕಾರ ವಿಮಾನದ ಉದ್ದ 14.23 ಮೀಟರ್, ಅಂದರೆ ಮಾದರಿಯ ಉದ್ದ ಸುಮಾರು 14 ಸೆಂಟಿಮೀಟರ್; ಅಂಗೈಯಿಂದ ಸ್ವಲ್ಪವೇ ಹೊರಚಾಚುತ್ತದೆ.

ಯಾವ ಉಪಮಾದರಿ ಎಂಬುದನ್ನು ವಿಮಾನದ ಹೊಟ್ಟೆಯಡಿ ಮಡಚಿ ಕುಳಿತ, ಯಂತ್ರರೂಪದ ತಲೆಯನ್ನು ನೋಡಿ ಗುರುತಿಸಬೇಕು. ಲೇಸರ್ ನಳಿಗೆ ಒಂದಿದ್ದರೆ ಅದು ವಿಎಫ್-1ಎ, ಎರಡಿದ್ದರೆ ವಿಎಫ್-1ಜೆ, ನಾಲ್ಕಿದ್ದರೆ ನಾಯಕನ ವಿಎಫ್-1ಎಸ್. ಹಳೆಯ ಕಿಟ್‌ಗಳಲ್ಲಿ ಮೊದಲು ಮುರಿದಿರುವುದೂ ಈ ನಳಿಗೆಗಳೇ. ಅದಕ್ಕೆ ಗಾಬರಿ ಬೇಡ. ಸಿರಿಂಜಿನ ಹೊಸ ಸೂಜಿಯನ್ನು ಅಳತೆಗೆ ಕತ್ತರಿಸಿ, ಚೂಪಾದ ತುದಿಯನ್ನು ಅರದಿಂದ ಉಜ್ಜಿ ಕೂರಿಸಿದರೆ ಮೂಲಕ್ಕಿಂತ ಸೊಗಸಾಗಿ ಕಾಣುತ್ತದೆ, ತುದಿಯಲ್ಲಿ ನಿಜವಾದ ತೂತೂ ಇರುತ್ತದೆ.

ತೊಳೆಯುವುದು, ನೇರ ಮಾಡುವುದು

ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯಂಥ ಪದಾರ್ಥ ಪ್ಲಾಸ್ಟಿಕ್ಕಿನ ಮೇಲೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಭಾಗಗಳನ್ನು, ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕೆಳಗೊಂದು ಜರಡಿ ಇಟ್ಟುಕೊಳ್ಳಿ, ಬಚ್ಚಲ ತೂತಿಗೆ ಹೋದ ಚಕ್ರ ಮರಳಿ ಬರುವುದಿಲ್ಲ. ಪೆಟ್ಟಿಗೆಯಲ್ಲಿ ಅಂಟಿನ ಪೊಟ್ಟಣವಿದ್ದರೆ ಅದನ್ನು ಎಸೆದುಬಿಡಿ.

ಹಳೆಯ ಕಿಟ್‌ನ ರೆಕ್ಕೆಗಳು ಸೊಟ್ಟಗಾಗಿರುವುದು ಸಾಮಾನ್ಯ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಗಾಜಿನ ಮೇಲೆ ಒತ್ತಿ ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿದರೆ ಸರಿಯಾಗುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಎರಡು ಮೂರು ಸಲ ಮಾಡಬೇಕು. ತಣ್ಣಗಿರುವಾಗ ಬಗ್ಗಿಸಲು ಹೋಗಬೇಡಿ, ವಯಸ್ಸಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಚಟ್ ಎಂದು ಮುರಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಬಳಿ ಕಿಟ್ ಇಟ್ಟು ಮರೆಯುವುದು ಸೊಟ್ಟಗಾದ ರೆಕ್ಕೆಗಳನ್ನು ಪಡೆಯುವ ಸುಲಭ ಮಾರ್ಗ ಎಂಬುದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಜೋಡಣೆ

ಭಾಗವನ್ನು ಚೌಕಟ್ಟಿನಿಂದ ಕತ್ತರಿಸುವಾಗ ಭಾಗಕ್ಕೆ ತಾಗಿಸಿ ಕತ್ತರಿಸದೆ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯಂಥ ತುಣುಕನ್ನು ಬ್ಲೇಡಿನಿಂದ ಸವರಿ ತೆಗೆಯಬೇಕು. ಅಚ್ಚಿನ ಅಂಚಿನಲ್ಲಿ ಹೊರಚೆಲ್ಲಿದ ತೆಳು ಪೊರೆಯನ್ನೂ ಆಗಲೇ ಕೆರೆದು ತೆಗೆಯಿರಿ. ಆಮೇಲೆ ಅಂಟಿಲ್ಲದೆ ಇಡೀ ವಿಮಾನವನ್ನು ಮಾಸ್ಕಿಂಗ್ ಟೇಪಿನಿಂದ ಒಮ್ಮೆ ಜೋಡಿಸಿ ನೋಡಬೇಕು. ಈ ಒಣ ಜೋಡಣೆಗೆ ಒಂದು ಸಂಜೆ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಸಂದು ಎಲ್ಲಿ ಬಾಯಿ ಬಿಡುತ್ತದೆ, ಯಾವ ಗೂಟ ತನ್ನ ತೂತಿಗಿಂತ ದಪ್ಪವಿದೆ ಎಂಬುದೆಲ್ಲ ಇಲ್ಲಿಯೇ ತಿಳಿಯುತ್ತದೆ. ನಲವತ್ತು ವರ್ಷದ ಹಿಂದಿನ ಅಚ್ಚುಗಳಲ್ಲಿ ಗೂಟಗಳನ್ನು ನಂಬುವುದಕ್ಕಿಂತ ಅವನ್ನು ಕತ್ತರಿಸಿ ಹಾಕಿ ಅಂಚಿಗೆ ಅಂಚು ಕೂಡಿಸುವುದೇ ಎಷ್ಟೋ ಸಲ ಮೇಲು.

ಮೂತಿಯನ್ನು ಮುಚ್ಚುವ ಮೊದಲು ತೂಕದ ವಿಚಾರ ಮುಗಿಸಬೇಕು. ವಾಲ್ಕೈರಿಯ ಎಂಜಿನ್‌ಗಳೆಲ್ಲ ಹಿಂಭಾಗದಲ್ಲಿ ಇರುವುದರಿಂದ ಚಕ್ರದ ಮೇಲೆ ನಿಲ್ಲಿಸಿದರೆ ಅದು ಬಾಲದ ಮೇಲೆ ಕೂರಬಹುದು. ಊರಿನ ಅಭಿಮಾನಕ್ಕೆ ಬಿದ್ದು ನಾನು ಸಂಡೂರಿನ ಕಬ್ಬಿಣದ ಅದಿರಿನ ಹರಳುಗಳನ್ನು ಮೂತಿಯೊಳಗೆ ತುಂಬಿದೆ. ವಿಮಾನ ಮೂತಿ ಎತ್ತಿಕೊಂಡೇ ಕೂತಿತು. ಹೆಮಟೈಟ್ ಅದಿರು ನೀರಿಗಿಂತ ಸುಮಾರು 5 ಪಟ್ಟು ಭಾರ, ಸೀಸ 11 ಪಟ್ಟಿಗೂ ಹೆಚ್ಚು. ಆ ಚಿಕ್ಕ ಜಾಗದಲ್ಲಿ ಅಭಿಮಾನಕ್ಕಿಂತ ಸೀಸವೇ ಕೆಲಸಕ್ಕೆ ಬರುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಇಲ್ಲಿ ಫೆವಿಕಾಲ್‌ನಂಥ ಬಿಳಿ ಅಂಟನ್ನು ಬಳಸಲೇಬೇಡಿ. ಅದರಿಂದ ಹೊರಡುವ ಆಮ್ಲದ ಅಂಶ ಸೀಸವನ್ನು ವರ್ಷಗಟ್ಟಲೆ ತಿಂದು ಬಿಳಿ ಪುಡಿಯಾಗಿ ಉಬ್ಬಿಸುತ್ತದೆ, ಆ ಉಬ್ಬಿಗೆ ಮೂತಿಯೇ ಸೀಳುತ್ತದೆ.

ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡಿಸಲು ನೀರಿನಂತೆ ತೆಳುವಾದ, ‘ಮಾದರಿ ಸಿಮೆಂಟ್’ ಎಂಬ ಅಂಟು ಬೇಕು. ಅದು ಎರಡೂ ಅಂಚುಗಳನ್ನು ಕರಗಿಸಿ ಬೆಸೆಯುತ್ತದೆ. ಸಂದನ್ನು ಮೊದಲು ಒತ್ತಿ ಹಿಡಿದು, ಬ್ರಷ್ಷಿನ ತುದಿಯನ್ನು ಒಂದು ಕಡೆ ತಾಗಿಸಿದರೆ ಅಂಟು ತಾನೇ ಗೆರೆಯುದ್ದಕ್ಕೂ ಓಡುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಕೂದಲಿನಷ್ಟು ಹೊರಗೆ ಉಕ್ಕುತ್ತದೆ. ಅದನ್ನು ಹಾಗೇ ಬಿಟ್ಟು ಎರಡು ದಿನದ ನಂತರ ಉಜ್ಜಿದರೆ ಸಂದು ಮಾಯ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಕೂಡ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಆದರೆ ಅದಕ್ಕೆ ಹಿಡಿತವಿಲ್ಲ. ನನ್ನ ಮೊದಲ ಮಾದರಿಯ ಎಡರೆಕ್ಕೆ ಅದರಿಂದಲೇ ಮಳೆಗೆ ನೆನೆದ ಹಪ್ಪಳದಂತೆ ಮುದುಡಿತು.

ವಾಲ್ಕೈರಿಯಲ್ಲಿ ಎಂಜಿನ್‌ಗಳ ಹೊರಮೈಯೇ ಯಂತ್ರರೂಪದಲ್ಲಿ ಕಾಲುಗಳಾಗುವುದರಿಂದ ಅವುಗಳ ಉದ್ದಕ್ಕೂ ಸಂದುಗಳಿವೆ. ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಇಲ್ಲಿ ಬೇಕು: ರೂಪ ಬದಲಿಸುವಾಗ ಜಾರುವ ಜಾಗದ ಗೆರೆ ಇರಲಿ, ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆ ಹೋಗಬೇಕು. ಕಿರಿದಾದ ಸಂದಿಗೆ ಫೆವಿಕ್ವಿಕ್‌ಗೆ ಟಾಲ್ಕಂ ಪೌಡರ್ ಬೆರೆಸಿ ತುಂಬಿ, ಅದು ಕಲ್ಲಾಗುವ ಮೊದಲು ಒಂದೆರಡು ಗಂಟೆಯೊಳಗೆ ಉಜ್ಜಿಬಿಡಬೇಕು. ಅಗಲವಾದ ಸಂದಿಗೆ ಚೌಕಟ್ಟಿನ ತುಣುಕುಗಳನ್ನೇ ಸಿಮೆಂಟಿನಲ್ಲಿ ಕರಗಿಸಿದ ಪಾಕ ಒಳ್ಳೆಯದು. ಅದು ಸುತ್ತಲಿನ ಪ್ಲಾಸ್ಟಿಕ್ಕಿನಷ್ಟೇ ಗಟ್ಟಿ ಇರುವುದರಿಂದ ಉಜ್ಜುವಾಗ ತಗ್ಗು ಬೀಳುವುದಿಲ್ಲ. ಮೊದಲು 400 ನಂಬರಿನ ವಾಟರ್ ಪೇಪರ್, ನಂತರ 600, ಕೊನೆಗೆ 1000, ಎಲ್ಲವನ್ನೂ ನೀರು ಮುಟ್ಟಿಸಿಕೊಂಡೇ ಉಜ್ಜಬೇಕು.

ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದನ್ನು ನೋಡಿದವರಿಗೆ ಈ ಹಂತವನ್ನು ವಿವರಿಸಬೇಕಿಲ್ಲ. ಹಗುರ ಮರದ ತುಂಡುಗಳನ್ನು ಕೂಡಿಸಿ, ಹುಣಸೆಬೀಜದ ಅಂಟಿನಿಂದ ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ತುಂಬಿ, ಮೇಲೆ ಲೇಪ ಕೊಟ್ಟು ಮೈ ನಯವಾಗಿಸಿದ ಮೇಲೆಯೇ ಅವರು ಬಣ್ಣದ ಕುಂಚ ಹಿಡಿಯುತ್ತಾರೆ. ಮುಗಿದ ಗೊಂಬೆಯ ತೋಳು ಎಲ್ಲಿ ಕೂಡಿದೆ ಎಂದು ಬೆರಳಾಡಿಸಿದರೂ ತಿಳಿಯುವುದಿಲ್ಲ. ಸಂದನ್ನು ಕಣ್ಣಿಗಿಂತ ಉಗುರಿನಿಂದ ಪರೀಕ್ಷಿಸುವುದನ್ನು ನಾನು ರೂಢಿಸಿಕೊಂಡಿದ್ದೇನೆ: ಕಣ್ಣು ಮುಚ್ಚಿ ಉಗುರನ್ನು ಅಡ್ಡಲಾಗಿ ಎಳೆದಾಗ ಎಲ್ಲಿಯೂ ತಡೆಯಬಾರದು.

ಬಣ್ಣಕ್ಕೆ ಬಿಸಿಲಿನ ಲೆಕ್ಕ

ತಂಪು ದೇಶದವರು ಬರೆದ ಕೈಪಿಡಿಗಳಲ್ಲಿ ಸ್ಪ್ರೇ ಡಬ್ಬಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟು ಬಳಸಿ ಎಂಬ ಸಲಹೆ ಇರುತ್ತದೆ. ಬಳ್ಳಾರಿಯಲ್ಲಿ ಅದನ್ನು ಪಾಲಿಸಬೇಡಿ. ಡಬ್ಬಿಯ ಮೇಲೆಯೇ 50 ಡಿಗ್ರಿ ಮೀರಬಾರದು ಎಂಬ ಎಚ್ಚರಿಕೆ ಇರುತ್ತದೆ, ಬೇಸಿಗೆಯ ಮಧ್ಯಾಹ್ನ ನಮ್ಮ ಮಾಳಿಗೆಯ ನೆಲವೇ ಅದನ್ನು ದಾಟುತ್ತದೆ. ಗಾಳಿಯ ಶಾಖ 40 ಡಿಗ್ರಿ ಮುಟ್ಟಿದಾಗ ಬಣ್ಣದ ಹನಿ ಮಾದರಿಯನ್ನು ತಲುಪುವ ಮೊದಲೇ ಅರೆ ಒಣಗಿ, ಮೈಯೆಲ್ಲ ಮರಳು ಎರಚಿದಂತೆ ಒರಟಾಗುತ್ತದೆ. ಹಾಗಾಗಿ ಬಣ್ಣದ ಕೆಲಸ ಬೆಳಿಗ್ಗೆ 6ರಿಂದ 8ರೊಳಗೆ ಮುಗಿಯಬೇಕು. ಫ್ಯಾನ್ ಆರಿಸಿ, ಕಿಟಕಿ ತೆರೆದು, ಮೂಗಿಗೆ ರಾಸಾಯನಿಕ ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಅರ್ಧ ಗಂಟೆ ಮೊದಲು ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಅಡಗುತ್ತದೆ. ಮಳೆ ಹಿಡಿದ ದಿನ ಮಾತ್ರ ಲ್ಯಾಕರ್ ಬಣ್ಣದ ಸುದ್ದಿಗೇ ಹೋಗಬೇಡಿ, ತೇವಕ್ಕೆ ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ಮೊದಲು ಬೂದು ಪ್ರೈಮರ್. 15ರಿಂದ 20 ಸೆಂಟಿಮೀಟರ್ ದೂರದಿಂದ, ಕೈಯನ್ನು ಎಲ್ಲಿಯೂ ನಿಲ್ಲಿಸದೆ ತೆಳುವಾಗಿ ಎರಡು ಸಲ ಹೊಡೆಯಿರಿ. ಪ್ರೈಮರ್ ಬಿದ್ದೊಡನೆ ಮುಚ್ಚಿದೆವೆಂದುಕೊಂಡ ಸಂದುಗಳು ಮತ್ತೆ ಇಣುಕುತ್ತವೆ. ಬೇಸರಿಸದೆ ಹಿಂದಿನ ಹಂತಕ್ಕೆ ಮರಳಬೇಕು. ನನ್ನ ಮಾದರಿ ಹಾಗೆ ಮೂರು ಸಲ ಮರಳಿತು.

ಇನ್ನು ಮೈಬಣ್ಣ. ಸರಣಿಯಲ್ಲಿ ಸಾಮಾನ್ಯ ಪೈಲಟ್‌ಗಳ ವಿಎಫ್-1ಎ ತಿಳಿಕಂದು ಬಣ್ಣದ್ದು. ಕೆಂಪು ನೆಲಕ್ಕೆ ಅದೇ ಹೊಂದುತ್ತದೆಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಪ್ಲಾಸ್ಟಿಕ್ ಚಮಚಗಳಿಗೆ ಬೇರೆ ಬೇರೆ ಬಣ್ಣ ಬಳಿದು ಮೇಲೆ ಕೆಂಪು ಪುಡಿ ಉದುರಿಸಿ ನೋಡಿದಾಗ ಕಂದಿನ ಮೇಲೆ ಧೂಳು ಕಾಣಲೇ ಇಲ್ಲ, ಅಚ್ಚಬಿಳಿಯ ಮೇಲೆ ಕುಂಕುಮ ಚೆಲ್ಲಿದಂತೆ ಕಂಡಿತು. ಹನಿಯಷ್ಟು ಕಪ್ಪು, ಅದಕ್ಕಿಂತ ಕಡಿಮೆ ಹಳದಿ ಬೆರೆಸಿದ ಮಾಸಲು ಬಿಳಿಯ ಮೇಲೆ ಮಾತ್ರ ಅದು ಧೂಳಿನಂತೆಯೇ ಕಂಡಿತು. ಬಣ್ಣ ಆರಿಸುವ ಮೊದಲು ನಿಮ್ಮ ನೆಲದ ಮಣ್ಣನ್ನು ಚಮಚದ ಮೇಲೆ ಹೀಗೆ ಪರೀಕ್ಷಿಸಿ. ರಾಯಚೂರಿನವರು ಕರಿಮಣ್ಣಿಗೆ ಬೇರೆಯೇ ಬಣ್ಣ ಆರಿಸಬೇಕಾದೀತು.

ಡೆಕಾಲ್ ಮತ್ತು ಗಂಡಭೇರುಂಡ

ಹಳೆಯ ಡೆಕಾಲ್ ಹಾಳೆ ಹಳದಿಗಟ್ಟಿದ್ದರೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿಡಿ. ಬಿಸಿಲಿಗೆ ಹಳದಿ ಕ್ರಮೇಣ ಬಿಡುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಜಿಲ್ಲೆ ಯಾರಿಗೂ ಕಡಿಮೆಯಿಲ್ಲ. ನಂತರ ಬೇಡದ ಒಂದು ಅಕ್ಷರವನ್ನು ಕತ್ತರಿಸಿ ನೀರಿಗೆ ಹಾಕಿ ನೋಡಿ. ಅದು ಚೂರುಚೂರಾದರೆ ಇಡೀ ಹಾಳೆಗೆ ಪಾರದರ್ಶಕ ಲ್ಯಾಕರಿನ ತೆಳು ಲೇಪ ಕೊಟ್ಟು ಒಣಗಿಸಿ, ಆಮೇಲೆ ಪ್ರತಿ ಚಿತ್ರವನ್ನೂ ಅಂಚು ಬಿಡದೆ ಕತ್ತರಿಸಿ ಬಳಸಬೇಕು. ನೀರು ಬೋರ್‌ವೆಲ್‌ನದಾಗಬಾರದು, ಅದರ ಉಪ್ಪಿನಂಶ ಒಣಗಿದ ಮೇಲೆ ಬಿಳಿ ಕಲೆಯಾಗಿ ಕೂರುತ್ತದೆ, ಆದ್ದರಿಂದ ಫಿಲ್ಟರ್ ನೀರು ಬಳಸಿ. ಡೆಕಾಲ್ ಕೂರುವ ಜಾಗಕ್ಕೆ ಮೊದಲೇ ಹೊಳಪಿನ ಪಾರದರ್ಶಕ ಲೇಪ ಬೇಕು. ಒರಟು ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗಿ ಮೋಸ ಬಯಲಾಗುತ್ತದೆ. ಡೆಕಾಲ್ ಮೆದುಗೊಳಿಸುವ ದ್ರಾವಣ ಸಿಗದಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ.

ನಾಯಕನ ವಿಎಫ್-1ಎಸ್‌ನ ಬಾಲರೆಕ್ಕೆಯ ಮೇಲೆ ತಲೆಬುರುಡೆಯ ಗುರುತಿದೆ. ಅದು ಎಫ್-14 ಹಾರಿಸುತ್ತಿದ್ದ ಜಾಲಿ ರೋಜರ್ಸ್ ಎಂಬ ಅಮೆರಿಕದ ನೌಕಾ ತುಕಡಿಯ ಗುರುತಿನಿಂದ ಬಂದದ್ದು. ಬಳ್ಳಾರಿಯ ತುಕಡಿಗೆ ಅದೇಕೆ ಬೇಕು? ವಿಜಯನಗರದ ಅರಸ ಅಚ್ಯುತರಾಯನ ನಾಣ್ಯಗಳ ಮೇಲಿನ ಗಂಡಭೇರುಂಡವನ್ನು ನಾನು ಅಲ್ಲಿಗೆ ತಂದೆ. ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತೆಂಬ ಕಾರಣಕ್ಕೆ ಆ ಎರಡು ತಲೆಯ ಹಕ್ಕಿಯನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ. ಡೆಕಾಲ್ ಕಾಗದದ ಮೇಲೆ ಲೇಸರ್ ಪ್ರಿಂಟರಿನಲ್ಲಿ ಅದನ್ನು ಮುದ್ರಿಸಬಹುದು, ಆದರೆ ಸಾಮಾನ್ಯ ಪ್ರಿಂಟರಿಗೆ ಬಿಳಿಯನ್ನು ಮುದ್ರಿಸಲು ಬರುವುದಿಲ್ಲ. ಆದ್ದರಿಂದ ಬಾಲವನ್ನು ಬಿಳಿಯಾಗಿ ಉಳಿಸಿ ಕಪ್ಪು ಚಿತ್ರ ಅಂಟಿಸಬೇಕು. 12 ಮಿಲಿಮೀಟರ್ ಎತ್ತರಕ್ಕೆ ಇಳಿಸಿದಾಗ ಗರಿಗಳೆಲ್ಲ ಕೂಡಿ ಕರಿಯ ಮುದ್ದೆಯಾಯಿತು. ಗರಿಗಳನ್ನು ಅಳಿಸಿ, ಎರಡು ಕೊಕ್ಕು, ಎರಡು ರೆಕ್ಕೆ, ಒಂದು ಬಾಲವನ್ನಷ್ಟೇ ದಪ್ಪ ಗೆರೆಯಲ್ಲಿ ಉಳಿಸಿ ಮತ್ತೆ ಮುದ್ರಿಸಿದೆ. ಮೊಳದ ದೂರದಿಂದಲೂ ಗುರುತು ಸಿಗುತ್ತದೆ. ಮೂತಿಯ ಮೇಲಿನ ಸಂಖ್ಯೆ ೧೦೭. ಇಂಗ್ಲಿಷ್ ಅಂಕಿಗಳನ್ನು ಬಿಟ್ಟು ಕನ್ನಡದ ಅಂಕಿ ಬರೆದೊಡನೆ ವಿಮಾನದ ಊರು ಯಾವುದೆಂದು ಬೇರೆ ಹೇಳಬೇಕಾಗಲಿಲ್ಲ.

ಸವೆತ ಮತ್ತು ಧೂಳು

ಕೊಳೆ ಬಳಿಯುವುದರಲ್ಲಿ ಬಹುಪಾಲು ಮಾದರಿಗಳು ಕೆಡುತ್ತವೆ, ಏಕೆಂದರೆ ಅದನ್ನು ಎಲ್ಲ ಕಡೆಗೂ ಸಮನಾಗಿ ಬಳಿಯುತ್ತಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನೋ ವಾಷಿಂಗ್ ಘಟಕದವರನ್ನೋ ಕೇಳಿ: ತೊಡೆ, ಮೊಣಕಾಲು, ಜೇಬಿನ ಅಂಚು ಬಿಟ್ಟು ಬೇರೆಡೆ ಬಣ್ಣ ತೆಗೆದರೆ ಗಿರಾಕಿ ಆ ಪ್ಯಾಂಟನ್ನು ಮುಟ್ಟುವುದಿಲ್ಲ. ಉಜ್ಜಿದ ಜಾಗದಲ್ಲಿ ಮಾತ್ರ ಬಟ್ಟೆ ಬೆಳ್ಳಗಾಗುತ್ತದೆ. ವಿಮಾನವೂ ಹಾಗೆಯೇ. ರೆಕ್ಕೆಯ ಮುಂದಂಚು, ಪೈಲಟ್ ಹತ್ತುವ ಜಾಗ, ಮೆಕ್ಯಾನಿಕ್ ತೆರೆದು ಮುಚ್ಚುವ ಬಾಗಿಲುಗಳ ಅಂಚು, ಇಷ್ಟೇ ಸವೆಯಬೇಕು. ಸ್ಪಂಜಿನ ಚೂರನ್ನು ಗಾಢ ಬೂದುಬಣ್ಣದಲ್ಲಿ ಅದ್ದಿ, ಕಾಗದಕ್ಕೆ ಒತ್ತಿ ಬಹುಪಾಲು ತೆಗೆದು, ಉಳಿದದ್ದರಿಂದ ಆ ಅಂಚುಗಳನ್ನು ಮೆಲ್ಲಗೆ ತಟ್ಟಿದರೆ ಸಾಕು.

ಎಫ್-14ರ ಫೋಟೋಗಳಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ರೆಕ್ಕೆ ಹಿಂದೆ ಮುಂದೆ ಚಲಿಸುವಾಗ ಅದು ಮೈಯೊಳಗೆ ಸೇರುವ ಜಾಗದ ಪಟ್ಟಿ ಉಜ್ಜಿ, ರೆಕ್ಕೆಯ ಬುಡದಲ್ಲಿ ಕಮಾನಿನಾಕಾರದ ಗೆರೆಗಳು ಮೂಡಿರುತ್ತವೆ. ವಾಲ್ಕೈರಿಯ ರೆಕ್ಕೆಯೂ ಮಡಚುವುದರಿಂದ ಅದಕ್ಕೂ ಇವು ಸಲ್ಲುತ್ತವೆ. ಕೈವಾರವನ್ನು ರೆಕ್ಕೆಯ ತಿರುಗಣಿಯ ಮೇಲೆ ಇಟ್ಟು, ಮೊನೆಯಾದ ಪೆನ್ಸಿಲಿನಿಂದ ಮೂರು ನಾಲ್ಕು ಕಮಾನುಗಳನ್ನು ಅರೆಬರೆಯಾಗಿ ಎಳೆದು ಬೆರಳಿನಿಂದ ತೀಡಿ. ಇಡೀ ಮಾದರಿಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಐದು ನಿಮಿಷದ ಈ ಕೆಲಸ.

ಫಲಕಗಳ ನಡುವಿನ ಗೆರೆಗಳಿಗೆ ಕಂದು ತೈಲವರ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿ ಕರಗಿಸಿ ಹರಿಸಿ, ಅರೆ ಒಣಗಿದಾಗ ಬಟ್ಟೆಯಿಂದ ಮೂತಿಯಿಂದ ಬಾಲದ ಕಡೆಗೆ, ಗಾಳಿ ಹೋಗುವ ದಿಕ್ಕಿನಲ್ಲಿ ಒರೆಸಿ. ಬರಿಯ ಕಪ್ಪು ಹಾಕಿದರೆ ಬಿಳಿ ವಿಮಾನ ಗೆರೆ ಎಳೆದ ನೋಟ್‌ಬುಕ್ಕಿನಂತೆ ಕಾಣುತ್ತದೆ.

ಕೊನೆಯದು ಧೂಳು. ತೋರಣಗಲ್ಲಿನ ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಸ್ವಲ್ಪ ಹೊತ್ತು ಸಿಕ್ಕಿಕೊಂಡರೆ ಧೂಳು ಎಲ್ಲಿ ಕೂರುತ್ತದೆಂಬುದಕ್ಕೆ ಬೇರೆ ಪಾಠ ಬೇಡ. ಚಕ್ರದ ಹಿಂದೆ ದಟ್ಟವಾಗಿ, ಮೇಲಕ್ಕೆ ಹೋದಂತೆ ತೆಳುವಾಗಿ, ಎಣ್ಣೆ ಸೋರಿದ ಜಾಗದಲ್ಲಿ ಕರಿಗೆಂಪು ಪಾಕದಂತೆ. ಮೂತಿಯಲ್ಲಿ ಸೋತ ಅದಿರಿನ ಹರಳುಗಳಿಗೆ ನಾನು ಇಲ್ಲಿ ಕೆಲಸ ಕೊಟ್ಟೆ. ಅವನ್ನು ಕುಟ್ಟಿ ವಸ್ತ್ರಗಾಳಿತ ಮಾಡಿದರೆ ಅಂಗಡಿಯ ಪಿಗ್ಮೆಂಟಿಗೆ ಸಮನಾದ ಪುಡಿ ಸಿಗುತ್ತದೆ, ಏಕೆಂದರೆ ಕೆಂಪು ಪಿಗ್ಮೆಂಟ್ ಎಂಬುದೂ ಕಬ್ಬಿಣದ ಆಕ್ಸೈಡೇ. ಕುಟ್ಟುವಾಗ ಮೂಗು ಬಾಯಿ ಮುಚ್ಚಿಕೊಂಡಿರಿ. ಅದಿರು ಸಿಗದವರು ರಂಗೋಲಿಗೆ ಬಳಸುವ ಕೆಮ್ಮಣ್ಣನ್ನು ಹಾಗೆಯೇ ಸೋಸಿಕೊಳ್ಳಬಹುದು. ಮೊದಲು ಇಡೀ ಮಾದರಿಗೆ ಹೊಳಪಿಲ್ಲದ (ಮ್ಯಾಟ್) ಲೇಪ ಕೊಟ್ಟು ಒಣಗಿಸಿ, ಮೆದು ಬ್ರಷ್ಷಿನಿಂದ ಪುಡಿಯನ್ನು ಚಕ್ರದ ಗೂಡು, ಹೊಟ್ಟೆಯಡಿ, ಎಂಜಿನ್‌ಗಳ ಒಳಮೈಗೆ ಸವರಿ, ಅಂಚಿಗೆ ಒಂದು ಹನಿ ಟರ್ಪೆಂಟೈನ್ ಮುಟ್ಟಿಸಿದರೆ ಅದು ಹರಡಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಇದರ ಮೇಲೆ ಮತ್ತೆ ಲೇಪ ಹೊಡೆಯಬೇಡಿ, ಹೊಡೆದರೆ ಅರ್ಧ ಧೂಳು ಕಾಣದಾಗುತ್ತದೆ. ಬೇಕಾದರೆ ಮಾದರಿಯನ್ನು ಎತ್ತುವಾಗ ರೆಕ್ಕೆಯ ತುದಿಗಳನ್ನಷ್ಟೇ ಹಿಡಿಯಿರಿ.

ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ಇಲ್ಲಿಯವರೆಗೆ ಟೇಪಿನಿಂದ ಮುಚ್ಚಿಟ್ಟಿರುತ್ತೀರಿ. ಫೆವಿಕ್ವಿಕ್‌ನಂಥ ಸೂಪರ್‌ಗ್ಲೂವಿನ ಆವಿ ಅದನ್ನು ಮಂಜಾಗಿಸುವುದರಿಂದ, ಮೂತಿಯೊಳಗೆ ಬೇಡವೆಂದ ಫೆವಿಕಾಲನ್ನೇ ಇಲ್ಲಿ ಬಳಸಿ ಕೂರಿಸಬೇಕು. ಅದು ಒಣಗಿದರೆ ಪಾರದರ್ಶಕವಾಗುತ್ತದೆ, ಹೊರಬಂದದ್ದನ್ನು ಒದ್ದೆ ಹತ್ತಿಯಿಂದ ಒರೆಸಬಹುದು. ಟೇಪನ್ನು ಕೀಳುವಾಗ ಮೇಲಕ್ಕೆ ಎಳೆಯದೆ, ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಬಿಡಿಸಿ. ಧೂಳಿನ ನಡುವೆ ಆ ಒಂದು ಗಾಜು ಮಾತ್ರ ಸ್ವಚ್ಛವಾಗಿರಲಿ, ಹಾರುವ ಮೊದಲು ಪೈಲಟ್ ಒರೆಸಿಕೊಳ್ಳುವುದು ಅದನ್ನೊಂದನ್ನೇ.